ಹೊಸ ಮೂಗು, ಹಳೆಯ ನಗು

ನಾನು ಬರೆದ ಒಂದು ವಾಕ್ಯವನ್ನು ಹಿಂದಕ್ಕೆ ಪಡೆಯಬೇಕಾಗಿದೆ. ಯಕ್ಷಗಾನದ ಆಟ ನೋಡಿ ಬಂದು ಅದರ ಬಗ್ಗೆ ನಾಲ್ಕು ಸಾಲು ಬರೆಯುವ ಚಟ ನನಗೆ ಹತ್ತಿ ಮೂವತ್ತು ವರ್ಷ ದಾಟಿತು. ಈ ಅವಧಿಯಲ್ಲಿ ತಪ್ಪು ಬರೆದದ್ದು ಇದೇ ಮೊದಲೇನಲ್ಲ. ಪದ್ಯದ ರಾಗವನ್ನು ತಪ್ಪಾಗಿ ಹೇಳಿದ್ದೇನೆ. ಒಬ್ಬರ ವೇಷವನ್ನು ಇನ್ನೊಬ್ಬರ ಹೆಸರಿಗೆ ಬರೆದು ಮರುವಾರ ತಿದ್ದುಪಡಿ ಹಾಕಿಸಿದ್ದೇನೆ. ಆದರೆ ಈ ವಾಕ್ಯಕ್ಕೆ ಒಂದು ಸಾಲಿನ ತಿದ್ದುಪಡಿ ಸಾಲದು. ಅದು ಹೇಗೆ ತಪ್ಪಾಯಿತು, ಎಷ್ಟು ತಪ್ಪಾಯಿತು ಎಂಬುದನ್ನು ನನಗೆ ನಾನೇ ತಿಳಿಸಿಕೊಳ್ಳುವುದಕ್ಕೆ ಇಷ್ಟು ಕಾಲ ಬೇಕಾಯಿತು.

2022ರ ಡಿಸೆಂಬರಿನಲ್ಲಿ ಬೆಳ್ತಂಗಡಿಯ ಒಂದು ಸಭಾಭವನದಲ್ಲಿ ಹವ್ಯಾಸಿ ಮಹಿಳೆಯರ ತಂಡವೊಂದು ‘ಪಂಚವಟಿ’ ಪ್ರಸಂಗ ಆಡಿತು. ಅದರ ಬಗ್ಗೆ ಬರೆಯುತ್ತಾ ನಾನು ಹೀಗೆಂದಿದ್ದೆ: “ಮಾಯಾಶೂರ್ಪನಖಿಯ ಮುಖದಲ್ಲಿ ಭಾವ ಹುಟ್ಟಲೇ ಇಲ್ಲ, ಅಂದದ ಮೂಗಿಗಾಗಿ ನಗುವನ್ನೇ ತೆತ್ತಂತಿತ್ತು.” ಆ ವೇಷ ಮಾಡಿದವಳು ನನ್ನ ಅಕ್ಕನ ಮಗಳು ಎಂಬುದನ್ನು ನಾನು ಬರೆಯಲಿಲ್ಲ. ಐದು ತಿಂಗಳ ಹಿಂದೆಯಷ್ಟೇ ಅವಳು ಮೂಗಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಳು, ಅದು ನನಗೆ ತಿಳಿದಿತ್ತು ಎಂಬುದನ್ನೂ ಬರೆಯಲಿಲ್ಲ. ಸಂಬಂಧದ ಮುಲಾಜಿಲ್ಲದೆ ಬರೆದೆನಲ್ಲಾ ಎಂದು ಒಳಗೊಳಗೇ ಬೀಗಿದ್ದೆ. ಈಗ ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. “ಹೆಸರು ಮಾತ್ರ ಬೇಡ ಮಾವ, ಮೂಗು ಸಾಕು” ಎಂದಳು.

ಮೂಗಿನ ವಿಚಾರವನ್ನು ಮೊದಲಿನಿಂದ ಹೇಳಬೇಕು. ಬಂಟ್ವಾಳದಲ್ಲಿ ನೇತ್ರಾವತಿಯ ದಂಡೆಯಲ್ಲಿರುವ ನಮ್ಮ ಮನೆಯವರ ಮೂಗು ಉದ್ದ. ನಡುವೆ ಒಂದು ಗುಬ್ಬಿ, ತುದಿ ಸ್ವಲ್ಪ ಕೆಳಗೆ ಬಾಗಿದ್ದು. ನನ್ನ ತಂದೆಯವರು ಹೊಸ್ತಿಲು ದಾಟುವ ಮೊದಲು ಅವರ ಮೂಗು ದಾಟುತ್ತದೆ ಎಂದು ನೆಂಟರು ತಮಾಷೆ ಮಾಡುತ್ತಿದ್ದರು. ಅವರ ಮೂಗು ನನಗೆ ಬಂತು, ಅಕ್ಕನಿಗೆ ಬಂತು, ಅಕ್ಕನಿಂದ ಮಗಳಿಗೆ ಹೋಯಿತು. ಇದರದೊಂದು ವಿಶೇಷವೆಂದರೆ ನಗುವಾಗ ತುದಿ ಇನ್ನೂ ಕೆಳಗಿಳಿದು ಮೇಲ್ದುಟಿಯನ್ನು ಮುಟ್ಟುವಂತಾಗುತ್ತದೆ. ಹಾಗಾಗಿ ನಮ್ಮ ಮನೆಯವರ ನಗುವಿನಲ್ಲಿ ಏನೋ ಒಂದು ಕಳ್ಳತನ ಇದ್ದಂತೆ ಕಾಣುತ್ತದೆ. ತಂದೆಯವರು ನಕ್ಕರೆಂದರೆ ಎದುರಿದ್ದವರು ತಮ್ಮ ಜೇಬು ಮುಟ್ಟಿ ನೋಡಿಕೊಳ್ಳಬೇಕು, ಅಂಥ ನಗು. ನಮಗೆಲ್ಲ ಅದು ಪ್ರೀತಿಯದ್ದಾಗಿತ್ತು. ಅವಳಿಗೆ ಆಗಿರಲಿಲ್ಲ. ಮದುವೆಯ ಪ್ರಸ್ತಾಪಗಳು ಬಂದ ಕಾಲದಲ್ಲಿ ಎದುರಿನಿಂದ ತೆಗೆದ ಫೋಟೊ ಹೋಗುತ್ತಿತ್ತು, ಗಂಡಿನ ಕಡೆಯವರು ಬಂದು ನೋಡುತ್ತಿದ್ದರು, ನಾಲ್ಕು ದಿನ ಬಿಟ್ಟು ಜಾತಕ ಕೂಡಲಿಲ್ಲ ಎಂದು ಹೇಳಿ ಕಳಿಸುತ್ತಿದ್ದರು. ಮೂಗಿನ ಮಾತನ್ನು ಯಾರೂ ಎತ್ತಲಿಲ್ಲ. ಎತ್ತದಿದ್ದುದರಿಂದಲೇ ಅದು ಅವಳಿಗೆ ಕೇಳಿಸಿತು.

ಮುಂದೆ ಅವಳು ಮೂಡಬಿದಿರೆಯಲ್ಲಿ ಅಧ್ಯಾಪಕಿಯಾದಳು, ತನ್ನ ಇಷ್ಟದವನನ್ನು ಮದುವೆಯಾದಳು, ಯಕ್ಷಗಾನ ಕಲಿತಳು. ಎಲ್ಲ ಸರಿಯಾದ ಮೇಲೆ, ತನ್ನದೇ ದುಡ್ಡಿನಲ್ಲಿ, ಒಂದು ದೊಡ್ಡ ಊರಿನ ಆಸ್ಪತ್ರೆಗೆ ಹೋಗಿ ಮೂಗು ಸರಿ ಮಾಡಿಸಿಕೊಂಡು ಬಂದಳು. ಹೋಗುವ ಮೊದಲು ನಾನು, “ನೆಗಡಿಯಾಯಿತೆಂದು ಯಾರಾದರೂ ಮೂಗು ಕೊಯ್ದುಕೊಳ್ಳುತ್ತಾರೆಯೇ?” ಎಂದು ಗಾದೆ ಒಗೆದೆ. “ನೆಗಡಿ ಆದರೆ ಒಂದು ವಾರದಲ್ಲಿ ಹೋಗ್ತದೆ ಮಾವ” ಎಂದಳು. ಅಷ್ಟೇ ಹೇಳಿದಳು.

ಇನ್ನು ಆಟದ ವಿಚಾರ. ‘ಪಂಚವಟಿ’ಯಲ್ಲಿ ಮಾಯಾಶೂರ್ಪನಖಿಯ ಪ್ರವೇಶವೆಂದರೆ ನಗುವಿನ ಪ್ರವೇಶ. ರಕ್ಕಸಿಯೊಬ್ಬಳು ಚೆಲುವೆಯ ರೂಪ ತಾಳಿ ರಾಮನ ಮುಂದೆ ಬರುತ್ತಾಳೆ. ಚೆಲುವಿನ ಒಳಗಿಂದ ರಕ್ಕಸಿ ಆಗಾಗ ಇಣುಕಬೇಕು. ಸ್ತ್ರೀವೇಷದಲ್ಲಿ ಇದು ಕಷ್ಟದ ಪಾತ್ರ. ಬರಿಯ ಚೆಲುವೆ ಆದರೆ ಮಾಯೆ ಕಾಣುವುದಿಲ್ಲ, ಬರಿಯ ರಕ್ಕಸಿ ಆದರೆ ರಾಮಲಕ್ಷ್ಮಣರು ಮೂರ್ಖರಾಗುತ್ತಾರೆ. ನನ್ನ ಸೊಸೆ ಈ ಪಾತ್ರವನ್ನು ಹಿಂದೆ ಎರಡು ಸಲ ಮಾಡಿದ್ದಳು. ಆಗ ಆ ಮನೆತನದ ಕಳ್ಳನಗು ಅವಳ ಅರ್ಧ ಕೆಲಸವನ್ನು ತಾನೇ ಮಾಡಿಕೊಡುತ್ತಿತ್ತು. ಈ ಸಲ ಅದಕ್ಕಾಗಿಯೇ ಕಾದು ಕುಳಿತೆ. ಅದು ಬರಲಿಲ್ಲ. ಮೇಲ್ದುಟಿ ಬಿಗಿಯಾಗಿತ್ತು, ಬಾಯಿ ನಗುತ್ತಿತ್ತು, ಅದರ ಮೇಲಿನ ಮುಖ ಬೇರೆ ಯಾರದೋ ಮನೆಯಲ್ಲಿ ಕುಳಿತಂತಿತ್ತು. ನಾನು ಕಂಡದ್ದು ಸುಳ್ಳಲ್ಲ ಎಂದು ಈಗಲೂ ಹೇಳುತ್ತೇನೆ. ಕಂಡದ್ದರಿಂದ ಎಳೆದ ತೀರ್ಮಾನದಲ್ಲಿ ತಪ್ಪಿದೆ.

ಮುಖಭಾವದಲ್ಲಿ ಮೂಗಿಗೇನು ಕೆಲಸ ಎಂದು ಕೇಳಬಹುದು. ಕಣ್ಣು ಹೊರಳುತ್ತದೆ, ಹುಬ್ಬು ಏರುತ್ತದೆ, ತುಟಿ ಅದುರುತ್ತದೆ. ಮೂಗು ಸುಮ್ಮನೆ ನಡುವೆ ನಿಂತ ಕಂಬ ಎಂಬುದು ನಮ್ಮ ಭಾವನೆ. ಭರತನಿಗೆ ಹಾಗೆನಿಸಲಿಲ್ಲ. ನಾಟ್ಯಶಾಸ್ತ್ರದಲ್ಲಿ ಅವನು ಮೂಗಿಗೇ ಆರು ಬಗೆಯ ಅಭಿನಯ ಹೇಳುತ್ತಾನೆ: ನತ, ಮಂದ, ವಿಕೃಷ್ಟ, ಸೋಚ್ಛ್ವಾಸ, ವಿಕೂಣಿತ, ಸ್ವಾಭಾವಿಕ. ಬಿಕ್ಕಿ ಅಳುವಾಗ ಹೊಳ್ಳೆಗಳು ಮತ್ತೆ ಮತ್ತೆ ಒಳಗೆ ಅಂಟುತ್ತವೆ, ಚಿಂತೆಯಲ್ಲಿ ನಿಶ್ಚಲವಾಗುತ್ತವೆ, ಸಿಟ್ಟು ಭಯಗಳಲ್ಲಿ ಅರಳುತ್ತವೆ, ಜುಗುಪ್ಸೆ ಅಸೂಯೆಗಳಲ್ಲಿ ಮೂಗು ಮುದುಡುತ್ತದೆ. ಶಾಸ್ತ್ರ ಓದದ ನಮ್ಮ ಅಜ್ಜಿಯಂದಿರಿಗೂ ಇದು ಗೊತ್ತಿತ್ತು. ಬೇಡವಾದದ್ದನ್ನು ಕಂಡರೆ ಮೂಗು ಮುರಿಯುತ್ತಾರೆ, ಕೆಲವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆಶ್ಚರ್ಯವಾದರೆ ಬೆರಳು ಹೋಗಿ ನಿಲ್ಲುವುದು ಮೂಗಿನ ಮೇಲೆಯೇ. ಇವೆಲ್ಲ ಭಾಷೆಗೆ ಬಂದದ್ದು ಮುಖ ನೋಡಿಯೇ ತಾನೆ?

ವೈದ್ಯರ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಹುಬ್ಬುಗಳ ನಡುವೆ ಮೂಗಿನ ಬುಡದಲ್ಲಿ ಒಂದು ಸ್ನಾಯು ಅಡ್ಡ ಸುಕ್ಕು ಮೂಡಿಸುತ್ತದೆ. ಮೂಗಿನ ಪಕ್ಕದಿಂದ ಇಳಿಯುವ ಇನ್ನೊಂದು ಹೊಳ್ಳೆಯನ್ನೂ ಮೇಲ್ದುಟಿಯನ್ನೂ ಒಟ್ಟಿಗೆ ಎತ್ತುತ್ತದೆ. ನಾವು ಮೂಗು ಮುರಿಯುವುದು ಇದರಿಂದ. ಮೇಲ್ಹಲ್ಲುಗಳ ಮೇಲಿನ ಎಲುಬಿನಿಂದ ಹೊರಟು ಮೂಗಿನ ನಡುಗೋಡೆಯ ತಳಕ್ಕೆ ಸೇರುವ ಪುಟ್ಟ ಸ್ನಾಯುವೊಂದಿದೆ, ಡಿಪ್ರೆಸರ್ ಸೆಪ್ಟೈ ಎಂದು ಅದರ ಹೆಸರು. ಕೆಲವರಲ್ಲಿ ಇದು ಬಲವಾಗಿದ್ದು, ನಕ್ಕಾಗ ಮೂಗಿನ ತುದಿಯನ್ನು ಕೆಳಗೆಳೆಯುತ್ತದೆ, ಮೇಲ್ದುಟಿಯನ್ನು ಗಿಡ್ಡ ಮಾಡುತ್ತದೆ. ನಮ್ಮ ಮನೆತನದ ಕಳ್ಳನಗುವಿನ ಹಿಂದಿದ್ದದ್ದು ಇದೇ ಎಂದು ತಿಳಿದ ದಿನ ನನಗೆ ಸ್ವಲ್ಪ ಬೇಸರವೇ ಆಯಿತು. ತಂದೆಯವರ ಸ್ವಭಾವವೆಂದು ನಾವು ಕೊಂಡಾಡಿದ್ದರಲ್ಲಿ ಒಂದು ಪಾಲು ಈ ಸ್ನಾಯುವಿನದು!

ಮೂಗಿನ ಅಂದದ ಶಸ್ತ್ರಚಿಕಿತ್ಸೆಯಲ್ಲಿ ಎಲುಬನ್ನೂ ಮೃದ್ವಸ್ಥಿಯನ್ನೂ ಕಡಿಮೆ ಮಾಡುತ್ತಾರೆ, ಇಲ್ಲವೇ ಬೇರೆಡೆಯಿಂದ ತಂದು ಕೂಡಿಸುತ್ತಾರೆ. ತುದಿ ಬಾಗುವ ಮೂಗಾದರೆ ಹಲವು ಸಲ ಈ ಪುಟ್ಟ ಸ್ನಾಯುವನ್ನು ಬಿಡಿಸುವುದೂ ಉಂಟು. ಮುಖಕ್ಕೆ ಚಲನೆ ಕೊಡುವ ನರಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಬಾವು ಬರುತ್ತದೆ. ಮೂಗಿನ ಮೇಲಿನ ಗಟ್ಟಿಕಟ್ಟು ಸುಮಾರು ಒಂದು ವಾರದಲ್ಲಿ ತೆಗೆದರೂ, ಕಣ್ಣ ಕೆಳಗಿನ ಕಪ್ಪು ಎರಡು ವಾರದಲ್ಲಿ ಮಾಸಿದರೂ, ತುದಿಯ ಬಾವು ಪೂರ್ತಿ ಇಳಿಯಲು ಒಂದು ವರ್ಷ, ದಪ್ಪ ಚರ್ಮದವರಿಗೆ ಇನ್ನೂ ಹೆಚ್ಚು ಕಾಲ ಬೇಕು. ಅಷ್ಟರ ನಡುವೆ ಮೇಲ್ದುಟಿ ಮರಗಟ್ಟಿದಂತೆ, ನಗು ಯಾರೋ ಹಿಡಿದುಕೊಂಡಂತೆ ಅನಿಸುವುದು ಅಪರೂಪವಲ್ಲ. ಹೆಚ್ಚಿನವರಲ್ಲಿ ಅದು ವಾರಗಳಲ್ಲಿ, ತಿಂಗಳುಗಳಲ್ಲಿ ಸಡಿಲವಾಗುತ್ತದೆ. ಉಳಿಯುವ ಬದಲಾವಣೆಯೂ ಒಂದಿದೆ. ಬಿಡಿಸಿದ ಸ್ನಾಯು ಮತ್ತೆ ಮೂಗನ್ನು ಎಳೆಯುವುದಿಲ್ಲ. ತುದಿ ಮೇಲೆದ್ದ ಮುಖವನ್ನು ನಾವು ಹೆಚ್ಚು ಎಳೆಯದಾಗಿ ಓದುತ್ತೇವೆ. ಗುಬ್ಬಿ ಹೋದ ಮೂಗನ್ನು ಹೆಚ್ಚು ಸೌಮ್ಯವಾಗಿ ಓದುತ್ತೇವೆ. ಓದುತ್ತೇವೆ ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ಒಳಗಿನ ಮನುಷ್ಯ ಅಷ್ಟೇ ಸಿಟ್ಟಿನವನಾಗಿರಬಹುದು.

ಅಂದರೆ ಐದನೆಯ ತಿಂಗಳಲ್ಲಿ ನಾನು ನೋಡಿದ್ದು ಇನ್ನೂ ಒಣಗದ ಗೋಡೆಯನ್ನು. ಅದರ ಮೇಲೆ ಚಿತ್ರ ಮೂಡಿಲ್ಲವೆಂದು ಬರೆದು ಕಳಿಸಿದೆ.

ವಿಮರ್ಶೆ ಅಚ್ಚಾದ ಹದಿನೈದು ದಿನಕ್ಕೆ ಅಕ್ಕನ ಜೊತೆ ಮೂಡಬಿದಿರೆಗೆ ಹೋಗಿದ್ದೆ. ಸಿದ್ಧಕಟ್ಟೆ ದಾಟುವವರೆಗೂ ಅಕ್ಕ ಮಾತಾಡಲಿಲ್ಲ, ದಾಟಿದ ಮೇಲೆ, “ನಿನಗೆ ಬರೆಯದಿದ್ದರೆ ಆಗುತ್ತಿರಲಿಲ್ಲವಾ?” ಎಂದಳು, ಅಷ್ಟೆ. ಮನೆಯಲ್ಲಿ ಸೊಸೆ ಕಾಫಿ ತಂದಿಟ್ಟು ಎದುರೇ ಕುಳಿತಳು.

“ಮಾವ, ಅಭಿನಯ ಚೆನ್ನಾಗಿಲ್ಲ ಅಂತ ಬರೆದಿದ್ದರೆ ನನಗೆ ಬೇಜಾರಿಲ್ಲ. ಆ ದಿನ ಚೆನ್ನಾಗಿರಲಿಲ್ಲ, ನನಗೂ ಗೊತ್ತುಂಟು. ತುಟಿ ಬಿಗಿ ಇತ್ತು. ಜೋರು ನಕ್ಕರೆ ಮೂಗಿಗೆ ಏನಾದರೂ ಆದೀತು ಅಂತ ಹೆದರಿಕೆಯೂ ಇತ್ತು. ಆದರೆ ನೀವು ಬರೆದದ್ದು ಅದಲ್ಲ. ನಗುವನ್ನೇ ತೆತ್ತೆ ಅಂತ ಬರೆದಿರಿ. ನನ್ನ ನಗುವಿನ ಲೆಕ್ಕ ನಿಮಗೆ ಹೇಗೆ ಗೊತ್ತು?”

ನಾನು ಹಳೆಯ ಎರಡು ಪ್ರದರ್ಶನಗಳ ಮಾತೆತ್ತಿದೆ.

“ಅದೇ ಮಾವ. ನೀವು ನನ್ನ ಮುಖದಲ್ಲಿ ಅಜ್ಜನ ಮುಖ ಹುಡುಕಿದಿರಿ. ಸಿಗಲಿಲ್ಲ. ಅದಕ್ಕೆ ಭಾವ ಇಲ್ಲ ಅಂದಿರಿ.”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕಾಫಿ ಕುಡಿದೆ.

ಮನೆಗೆ ಬಂದು ಯೋಚಿಸಿದಾಗ ನನ್ನ ವಿಮರ್ಶೆಯ ಒಳಗೇ ಇದ್ದ ವಿರೋಧವೊಂದು ಕಂಡಿತು. ತೆಂಕುತಿಟ್ಟಿನ ಬಣ್ಣದ ವೇಷವನ್ನು ನಾನು ಎಷ್ಟು ಸಲ ಹೊಗಳಿದ್ದೇನೆ! ಅಕ್ಕಿಹಿಟ್ಟು ಸುಣ್ಣದ ಚುಟ್ಟಿಯನ್ನು ಗಂಟೆಗಟ್ಟಲೆ ಕುಳಿತು ಮುಖದ ತುಂಬ ಇಟ್ಟುಕೊಂಡ ಮೇಲೆ ಆ ಮುಖದಲ್ಲಿ ಅಲುಗಲು ಉಳಿಯುವುದೆಷ್ಟು? ಆದರೂ ಬಣ್ಣದ ಮಾಲಿಂಗರಂಥವರ ವೇಷ ಕಂಡವರು ಅದರ ರೌದ್ರವನ್ನು ಇಂದಿಗೂ ಹೇಳುತ್ತಾರೆ. ಕಣ್ಣು, ಕೊರಳು, ನಡೆ, ಅಟ್ಟಹಾಸ ಇವೆಲ್ಲ ಸೇರಿ ಗಟ್ಟಿಯಾದ ಮುಖವನ್ನು ಆಡಿಸುತ್ತವೆ. ಹೀಗೆ ಹಿಟ್ಟಿನ ಪದರದ ಅಡಿಯಿಂದಲೂ ಭಾವ ಎತ್ತಿಕೊಳ್ಳುವ ನಾನು ಒಂದು ಮೂಗಿನ ಬಾವಿನ ಮುಂದೆ ಯಾಕೆ ಸೋತೆ? ಬಣ್ಣದ ವೇಷದ ಮುಂದೆ ಕುಳಿತಾಗ ನಾನು ಹೊಸ ಮುಖ ಓದಲು ತಯಾರಾಗಿ ಕುಳಿತಿರುತ್ತೇನೆ. ಸೊಸೆಯ ಮುಂದೆ ಹಳೆಯ ಮುಖ ಹಿಡಿದುಕೊಂಡು ಕುಳಿತಿದ್ದೆ.

ಈ ತಪ್ಪು ನನ್ನೊಬ್ಬನದೇ ಅಲ್ಲ. 1987ರಲ್ಲಿ ‘ಡರ್ಟಿ ಡ್ಯಾನ್ಸಿಂಗ್’ ಚಿತ್ರದಿಂದ ಹೆಸರಾದ ಅಮೆರಿಕದ ನಟಿ ಜೆನಿಫರ್ ಗ್ರೇ ಆಮೇಲೆ ಮೂಗಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಪರಿಚಿತರೂ ಅವರನ್ನು ಗುರುತಿಸದೆ ಹೋಗುವಂತಾಯಿತು. ಅವರ ವೃತ್ತಿಗೇ ಪೆಟ್ಟು ಬಿತ್ತು. 2022ರಲ್ಲಿ ಬಂದ ಆತ್ಮಕಥೆಯಲ್ಲಿ ಅವರು ಅದನ್ನು ವಿವರವಾಗಿ ಬರೆದುಕೊಂಡಿದ್ದಾರೆ. ನಮ್ಮಲ್ಲಿ ಪ್ರಿಯಾಂಕಾ ಚೋಪ್ರಾ 2021ರ ತಮ್ಮ ಪುಸ್ತಕದಲ್ಲಿ, ಮೂಗಿನೊಳಗಿನ ಗಂಟು ತೆಗೆಸಲು ಹೋಗಿ ಮೂಗಿನ ದಂಡವೇ ಕುಸಿದದ್ದನ್ನೂ, ಕನ್ನಡಿಯಲ್ಲಿ ಕಂಡ ಮುಖಕ್ಕೆ ತಾವೇ ಒಗ್ಗಿಕೊಳ್ಳಬೇಕಾದದ್ದನ್ನೂ ಬರೆದಿದ್ದಾರೆ. ಒಬ್ಬರು ಬೇಕೆಂದು ಮಾಡಿಸಿಕೊಂಡದ್ದು, ಇನ್ನೊಬ್ಬರಿಗೆ ಬೇಡವಾಗಿ ಆದದ್ದು. ಇಬ್ಬರಿಗೂ ನೋಡುವವರು ಕೊಟ್ಟ ಶಿಕ್ಷೆ ಹೆಚ್ಚುಕಡಿಮೆ ಒಂದೇ: ನಮಗೆ ಅಭ್ಯಾಸವಾದ ಮುಖವನ್ನು ನೀವು ಕೆಡಿಸಿದಿರಿ ಎಂಬುದು. ಮುಖ ಯಾರದು ಎಂದು ಯಾರೂ ಕೇಳಿಕೊಳ್ಳಲಿಲ್ಲ.

ಮೂಗು ಕಟ್ಟುವ ವಿದ್ಯೆ ನಮ್ಮ ದೇಶಕ್ಕೆ ಹಳೆಯದು. ಸುಶ್ರುತನಲ್ಲಿ ಅದರ ವಿವರವಿದೆ. ನಮ್ಮ ರಾಜ್ಯದ ಚರಿತ್ರೆಗೂ ಅದರ ಎಳೆ ಸೇರಿಕೊಂಡಿದೆ. ಟಿಪ್ಪುವಿನೊಡನೆ 1792ರಲ್ಲಿ ಮುಗಿದ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೌವಾಸ್ಜಿ ಎಂಬವನು ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ವರ್ಷ ಕಳೆದ ಮೇಲೆ ಪುಣೆಯ ಕಡೆಯ, ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಕಟ್ಟಿಕೊಟ್ಟ. ಈ ಸುದ್ದಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಚಿತ್ರಸಮೇತ ಬಂತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯ ವರ್ಷಗಟ್ಟಲೆ ಅಭ್ಯಾಸ ಮಾಡಿ 1814ರಲ್ಲಿ ಅದೇ ಕ್ರಮದ ಶಸ್ತ್ರಚಿಕಿತ್ಸೆ ನಡೆಸಿದ, 1816ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಯುರೋಪಿನಲ್ಲಿ ಈ ವಿದ್ಯೆಗೆ ಮರುಹುಟ್ಟು ಸಿಕ್ಕಿದ್ದು ಹೀಗೆ. ಮೂಗೇ ಇಲ್ಲದವನಿಗೆ ಮೂಗು ಬಂತು. ಅವನ ನಗು ಮೊದಲಿನಂತಿತ್ತೇ ಎಂದು ಯಾರೂ ಕೇಳಿರಲಾರರು, ಕೇಳುವ ಅಗತ್ಯವೂ ಇರಲಿಲ್ಲ. ಮೂಗು ಕೊಯ್ಯುವುದೆಂದರೆ ಮಾನ ಕಳೆಯುವುದು; ಕಟ್ಟುವುದೆಂದರೆ ಮಾನ ಮರಳಿಸುವುದು.

ಶೂರ್ಪನಖಿಯ ಮೂಗಿನ ಕತೆಯೂ ಅದೇ. ಮೂಡಬಿದಿರೆಯಲ್ಲಿ ಕುಳಿತು ಇದನ್ನು ಹೇಳುವಾಗ ಜೈನರ ರಾಮಾಯಣವನ್ನೂ ನೆನೆಯಬೇಕು. ಅಲ್ಲಿ ಅವಳು ಚಂದ್ರನಖಿ, ಮಗ ಶಂಬೂಕನನ್ನು ಕಳೆದುಕೊಂಡ ತಾಯಿ. ಲಕ್ಷ್ಮಣ ಅಲ್ಲಿ ಅವಳ ಮೂಗು ಕೊಯ್ಯುವುದಿಲ್ಲ. ಒಬ್ಬಳೇ ಹೆಂಗಸಿನ ಕತೆಯನ್ನು ಮೂಗು ಕೊಯ್ದೂ ಹೇಳಬಹುದು, ಕೊಯ್ಯದೆಯೂ ಹೇಳಬಹುದು. ವಿಮರ್ಶಕನಿಗೂ ಈ ಎರಡು ದಾರಿಗಳಿವೆ ಎಂದು ನನಗೆ ತಡವಾಗಿ ಹೊಳೆಯಿತು.

ಹಾಗೆಂದು ಶಸ್ತ್ರಚಿಕಿತ್ಸೆಯ ಕಡೆಗೆ ನನ್ನ ತಕರಾರು ಪೂರ್ತಿ ಹೋಗಿದೆಯೆಂದಲ್ಲ. ಮೊದಲ ಭೇಟಿಯಲ್ಲಿ ಏನೇನು ಕೇಳಿದರು ಎಂದು ಸೊಸೆಯನ್ನು ವಿಚಾರಿಸಿದೆ. ಎದುರಿನಿಂದ, ಎರಡು ಪಕ್ಕಗಳಿಂದ, ಕೆಳಗಿನಿಂದ ಫೋಟೊ ತೆಗೆದರಂತೆ. ಕಂಪ್ಯೂಟರಿನ ಪರದೆಯಲ್ಲಿ ಗುಬ್ಬಿ ಅಳಿಸಿ, ತುದಿ ಎತ್ತಿ ತೋರಿಸಿದರಂತೆ. “ನಗುವ ಫೋಟೊ?” ಎಂದೆ. “ಒಂದೂ ಇಲ್ಲ ಮಾವ. ಮುಖ ಸಡಿಲ ಬಿಡಿ, ನಗಬೇಡಿ ಅಂದರು.” ಎಲ್ಲ ಕಡೆಯೂ ಹೀಗೆಯೇ ಎಂದು ನಾನು ಹೇಳುವುದಿಲ್ಲ, ನಗಿಸಿ ನೋಡಿಯೇ ಮುಂದುವರಿಯುವ ವೈದ್ಯರಿದ್ದಾರೆ. ಆದರೆ ಇವಳ ಮೂಗಿನ ಬಗ್ಗೆ ನಡೆದ ನಿರ್ಧಾರ ಭರತನ ಆರರಲ್ಲಿ ಕೊನೆಯದನ್ನು, ಆ ಸ್ವಾಭಾವಿಕವೊಂದನ್ನೇ ನೋಡಿ ಆದದ್ದು. ಉಳಿದ ಐದನ್ನು ಯಾರೂ ನೋಡಲಿಲ್ಲ. ಹೆಣ್ಣು ನೋಡಲು ಬಂದವರ ಕೈಯಲ್ಲಿದ್ದದ್ದೂ ಅಲುಗದ ಫೋಟೊವೇ. ಅಲುಗದ ಮುಖಕ್ಕೆ ಅಳತೆಯಿದೆ. ಅಳತೆ ಇದ್ದಲ್ಲಿ ತಿದ್ದುವ ಆಸೆ ಹುಟ್ಟುತ್ತದೆ. ಮುಖ ಬದುಕುವುದು ಮಾತ್ರ ಅಲುಗಾಟದಲ್ಲಿ. ನಿನ್ನ ನಗು ಬೇರೆಯಾಗಬಹುದು, ಅದಕ್ಕೆ ಒಂದು ವರ್ಷ ಕೊಡು, ಎಂದು ಯಾರಾದರೂ ಮೊದಲೇ ಸರಿಯಾಗಿ ಕೂರಿಸಿ ಹೇಳಿದ್ದರೆ ಅವಳು ಆ ಡಿಸೆಂಬರಿನಲ್ಲಿ ಶೂರ್ಪನಖಿಯ ವೇಷ ಒಪ್ಪಿಕೊಳ್ಳುತ್ತಿರಲಿಲ್ಲವೇನೋ.

2024ರ ಫೆಬ್ರವರಿಯಲ್ಲಿ ವೇಣೂರಿನ ಗೊಮ್ಮಟನಿಗೆ ಮಹಾಮಸ್ತಕಾಭಿಷೇಕ ನಡೆಯಿತು. ಹನ್ನೆರಡು ವರ್ಷಕ್ಕೊಮ್ಮೆ ಬರುವ ಈ ಸಂಭ್ರಮಕ್ಕೆ ನಾವು ಮೂವರೂ ಹೋಗಿದ್ದೆವು. 1604ರಲ್ಲಿ ತಿಮ್ಮಣ್ಣ ಅಜಿಲರು ಫಲ್ಗುಣಿಯ ದಂಡೆಯಲ್ಲಿ ನಿಲ್ಲಿಸಿದ ಮೂವತ್ತೈದು ಅಡಿಯ ಮೂರ್ತಿ. ಅದರ ಕೆನ್ನೆಗಳಲ್ಲಿ ಗುಳಿ ಬಿದ್ದಿರುವುದನ್ನು ನೋಡಿದವರೆಲ್ಲ ಗುರುತಿಸುತ್ತಾರೆ. ಹಾಲು ಬಿದ್ದಾಗ ಆ ಮುಖ ಎಳೆಯ ಮಗುವಿನದಾಗಿತ್ತು. ಅರಸಿನ ಇಳಿಯುವಾಗ ಯಾರನ್ನೋ ಕ್ಷಮಿಸಿದಂತಿತ್ತು. ಕೆಂಪು ಚಂದನ ಬಂದಾಗ ನನಗೆ ಸ್ವಲ್ಪ ಭಯವೂ ಆಯಿತು. ಕಲ್ಲಿನಲ್ಲಿ ಒಂದು ಕೂದಲಿನಷ್ಟೂ ಬದಲಾವಣೆಯಿಲ್ಲ. ಅಲ್ಲಿ ಅಲುಗುತ್ತಿದ್ದದ್ದು ನೋಡುವ ನಾನು. ಸೊಸೆ ನನ್ನ ಪಕ್ಕದಲ್ಲಿ ನಿಂತು, “ಈಗ ನಗುತ್ತಾ ಇದ್ದಾನಾ, ಇಲ್ಲವಾ ಮಾವ? ಬರೆಯುವವರು ಹೇಳಿ” ಎಂದಳು. ನಾನು ಮೂಗಿನ ಮೇಲೆ ಬೆರಳಿಟ್ಟುಕೊಂಡೆ. ಅವಳು ನಕ್ಕಳು. ಹತ್ತಿರದಿಂದ ನೋಡಿದೆ. ತುದಿ ಇಳಿಯಲಿಲ್ಲ. ತುಟಿ ಸಡಿಲವಾಗಿ ಅಗಲಕ್ಕೆ ಹೋಯಿತು, ಕಣ್ಣ ಮೂಲೆಯಲ್ಲಿ ಎರಡು ಗೆರೆ ಎದ್ದವು. ಆ ನಗು ನನಗೆ ಪರಿಚಯದ್ದಲ್ಲ. ನಗುವೇ ಅಲ್ಲವೆನ್ನಲು ಮಾತ್ರ ಯಾವ ಕಾರಣವೂ ಇರಲಿಲ್ಲ.

ಆ ವರ್ಷದ ಡಿಸೆಂಬರಿನಲ್ಲಿ ಅದೇ ತಂಡ ಮತ್ತೆ ‘ಪಂಚವಟಿ’ ಆಡಿತು. ಈ ಸಲ ಪೆನ್ನು ಒಯ್ಯಲಿಲ್ಲ. ಹಿಂದೆ ಮೂಗು ತಾನಾಗಿ ಮಾಡಿಕೊಡುತ್ತಿದ್ದ ಅರ್ಧ ಕೆಲಸವನ್ನು ಈಗ ಅವಳೇ ಮಾಡಬೇಕಾಗಿತ್ತು, ಮಾಡಿದಳು. ನಗುವನ್ನು ನಡುವೆಯೇ ನಿಲ್ಲಿಸಿ ಲಕ್ಷ್ಮಣನ ಕಡೆ ಕಣ್ಣು ಹೊರಳಿಸುವುದು, ಮಾತಿನ ಕೊನೆಯ ಅಕ್ಷರವನ್ನು ಬೇಕೆಂದೇ ಎಳೆಯುವುದು, ಇವೆಲ್ಲ ಹೊಸದು. ಅಭಿನಯದ ಮಟ್ಟಿಗೆ ಹೇಳುವುದಾದರೆ ಇದು ಹಿಂದಿನ ಎರಡಕ್ಕಿಂತ ಮೇಲು. ಮಾವನಾಗಿ ಹೇಳುವುದಾದರೆ ನನ್ನ ತಂದೆಯವರು ಆ ರಂಗಸ್ಥಳದಲ್ಲಿ ಇರಲಿಲ್ಲ. ಅದೊಂದು ನಷ್ಟ ನಿಜ. ಆದರೆ ಅದು ನನ್ನ ನಷ್ಟ. ಅವಳ ಲೆಕ್ಕಕ್ಕೆ ಬರೆಯಬೇಕಾದದ್ದಲ್ಲ.

ಆದ್ದರಿಂದ ಓದುಗರು ದಯವಿಟ್ಟು ಆ ವಾಕ್ಯವನ್ನು ಹೀಗೆ ತಿದ್ದಿ ಓದಿಕೊಳ್ಳಬೇಕು: ಮಾಯಾಶೂರ್ಪನಖಿಯ ಮುಖ ಆ ದಿನ ಇನ್ನೂ ಮಾಯುತ್ತಿತ್ತು, ನೋಡುವವನಿಗೆ ಕಾಯುವ ತಾಳ್ಮೆ ಇರಲಿಲ್ಲ.